ಕಾದಿರಿಸಿದ ಜಾಗ

ಬೆಟ್ಟದ ದಾರಿಯಲ್ಲಿ ಒಂದು ಬಂಡೆಯಿತ್ತು. ದಾರಿಹೋಕ ಪ್ರಾಣಿಗಳು ಅದರ ಅಡಿಯ ಚಿಕ್ಕ ಜಾಗದಲ್ಲಿ ಸರದಿಯಂತೆ ತಂಗುತ್ತಿದ್ದವು. ಮುಳ್ಳುಹಂದಿ ಅಲ್ಲಿಯ ಕಾವಲುಗಾರ. ಒಂದು ದಿನ ಆ ದಾರಿಯಲ್ಲಿ ಹೊರಟ ಆಮೆ ಮುಳ್ಳುಹಂದಿಯ ಬಳಿ ನಿಂತು, “ಹುಣ್ಣಿಮೆಯ ಸಂಜೆ ಇದೇ ದಾರಿಯಲ್ಲಿ ಹಿಂದಿರುಗುತ್ತೇನೆ. ನನ್ನ ನಡಿಗೆ ನಿಧಾನ. ಮೊದಲು ಬಂದವರಿಗೆಲ್ಲ ಕೊಡುತ್ತ ಹೋದರೆ ನನಗೆ ಎಂದೂ ಜಾಗ ಸಿಗುವುದಿಲ್ಲ. ನನಗಾಗಿ ಕಾದಿರಿಸು” ಎಂದಿತು. ಮಾತು ನ್ಯಾಯವೆನಿಸಿ ಮುಳ್ಳುಹಂದಿ ಒಪ್ಪಿತು.

ಹುಣ್ಣಿಮೆಯ ಸಂಜೆ ಮೋಡ ಕವಿಯಿತು. ಗೌಜಲಕ್ಕಿಯೊಂದು ಮರಿಗಳನ್ನು ಕಟ್ಟಿಕೊಂಡು ಓಡಿ ಬಂದು ಜಾಗ ಕೇಳಿತು.

“ಇದು ಆಮೆಗೆ ಕಾದಿರಿಸಿದ್ದು” ಎಂದಿತು ಮುಳ್ಳುಹಂದಿ.

“ಆಮೆ ಎಲ್ಲಿ?”

“ದಾರಿಯಲ್ಲಿರಬೇಕು.”

“ನಾವು ಬಾಗಿಲಲ್ಲೇ ಇದ್ದೇವಲ್ಲ! ಅದು ಬಂದ ಕೂಡಲೇ ಎದ್ದು ಹೋಗುತ್ತೇವೆ.”

“ಹಾಗೆಂದವರು ಎದ್ದು ಹೋಗಿದ್ದನ್ನು ನಾನು ಕಂಡಿಲ್ಲ” ಎಂದು ಮುಳ್ಳುಹಂದಿ ಮುಳ್ಳು ನಿಮಿರಿಸಿತು.

ಆಲಿಕಲ್ಲು ಸುರಿಯತೊಡಗಿತು. ಗೌಜಲಕ್ಕಿ ಬಯಲಲ್ಲೇ ರೆಕ್ಕೆ ಹರಡಿ ಮರಿಗಳ ಮೇಲೆ ಕೂತಿತು. ಬಂಡೆಯಡಿಯ ಜಾಗ ಖಾಲಿಯೇ ಇತ್ತು. ಮಳೆ ನಿಂತಾಗ, ರೆಕ್ಕೆಯಡಿ ಹಿಡಿಸದೆ ಹೊರಗುಳಿದ ಒಂದು ಮರಿ ಏಳಲಿಲ್ಲ. ತಾಯಿ ಅದನ್ನು ಕೊಕ್ಕಿನಿಂದ ಮತ್ತೆ ಮತ್ತೆ ಅಲುಗಿಸಿ ನೋಡಿತು. ಆಮೇಲೆ ಉಳಿದವುಗಳನ್ನು ಕರೆದುಕೊಂಡು ಇಳಿದು ಹೋಯಿತು.

ಮರುದಿನ ಮಧ್ಯಾಹ್ನ ಆಮೆ ಬಂತು. “ನಿನ್ನೆ ಕೆಳಗಿನ ಪೊದೆಯೇ ಹಿತವಾಗಿ ಕಂಡಿತು. ಅಲ್ಲೇ ಚಿಪ್ಪಿನೊಳಗೆ ಮಲಗಿಬಿಟ್ಟೆ. ಮುಂದಿನ ಹುಣ್ಣಿಮೆಗೂ ನನ್ನ ಜಾಗ ಇಟ್ಟಿರು” ಎಂದಿತು.

ಮುಳ್ಳುಹಂದಿ ಮರಿ ಬಿದ್ದಿದ್ದ ಬಯಲಿನತ್ತ ನೋಡಿತು.

“ಇಟ್ಟಿರುತ್ತೇನೆ” ಎಂದಿತು, “ಮಳೆ ಶುರುವಾಗುವವರೆಗೆ.”