ಜೆಲಿಗಜ್ಜನ ಅಂಗಳದಲ್ಲಿ ಒಂಬತ್ತು ಮಂದಿ

ನಮ್ಮ ಅಯ್ಯನವರಿಗೆ ಪ್ರಸಂಗ ಮಾಡಲು ಬರುತ್ತಿರಲಿಲ್ಲ. ಹನ್ನೊಂದು ವರ್ಷ ಅವರಿಗೆ ರೊಟ್ಟಿ ಬಡಿದು ಹಾಕಿದವನು ನಾನು, ಧೈರ್ಯವಾಗಿ ಹೇಳುತ್ತೇನೆ. ಭಾನುವಾರದ ಆರಾಧನೆಯಲ್ಲಿ ಉಪದೇಶಕ್ಕೆ ಎದ್ದು ನಿಂತರೆ ನಾಲ್ಕು ಮಾತು ಆಡಿ ಕೂತುಬಿಡುತ್ತಿದ್ದರು. ಆದರೂ ಅವರಂಥ ಇನ್ನೊಬ್ಬ ಗುರುವನ್ನು ನಾನು ಕಂಡಿಲ್ಲ.

ತುಂಗಭದ್ರೆಯ ದಂಡೆಯ ಮೇಲೆ ನಮ್ಮದೊಂದು ಸಣ್ಣ ಕ್ರೈಸ್ತ ಆಶ್ರಮ. ಒಂಬತ್ತು ಮಂದಿ ಗಂಡಸರು, ಎರಡು ಆಕಳು, ಒಂದು ಹೊಲಿಗೆ ಮಷಿನ್. ಅಯ್ಯನವರ ಹೆಸರು ತಿಮೊಥಿಯಪ್ಪ. ಶಿಷ್ಯರಲ್ಲಿ ಎಲ್ಲರಿಗಿಂತ ಬಿಸಿರಕ್ತದವನು ಎಲೀಷ.

ಒಂದು ದಿನ ಎಲೀಷ ಪೇಟೆಯಿಂದ ಓಡಿಕೊಂಡೇ ಬಂದ.

"ಅಯ್ಯನವರ, ಪೇಟ್ಯಾಗ ಒಬ್ಬ ಯೆಹೂದ್ಯ ಅದಾನ. ಹೊಲಿಗೆ ಮಷಿನ್ ರಿಪೇರಿ ಮಾಡೋ ಮುದುಕ. ಎರಡನೇ ಮಹಾ ಲಡಾಯಿ ಶುರು ಆಗೋಕಿಂತ ಮೊದಲ ಯುರೋಪಿನಿಂದ ಹಡಗು ಹತ್ತಿ ಬಂದಾಂವ ಅಂತ. ನಾ ಹೋಗಿ ಅವನಿಗೆ ಯೇಸುವಿನ ಸುವಾರ್ತೆ ಹೇಳ್ಲ್ಯಾ?"

ಅಯ್ಯನವರು ಒಳಗೆ ಹೋದರು. ನಮ್ಮ ಹೊಲಿಗೆ ಮಷಿನ್ನಿನ ತಲೆ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ತಂದು ಅವನ ಕೈಗೆ ಕೊಟ್ಟರು.

"ಇದು ಬಿಗಿ ಹಿಡದೈತಿ. ತಗೊಂಡ್ ಹೋಗು."

"ಮತ್ತ ಸುವಾರ್ತೆ?"

"ಮೊದಲ ಮಷಿನ್."

ಎಲೀಷನ ಮುಖ ಸಣ್ಣದಾಯಿತು. ಆದರೂ ಮಷಿನ್ ಹೊತ್ತುಕೊಂಡು ಹೋದ.

ಆ ಮುದುಕನ ಹೆಸರು ಜೆಲಿಗ್. ಊರಿನವರ ಬಾಯಲ್ಲಿ ಜೆಲಿಗಜ್ಜ. ಮೂವತ್ತೈದು ವರ್ಷ ನಮ್ಮೂರಲ್ಲೇ ಇದ್ದು ನಮ್ಮಂತೆಯೇ ಮಾತಾಡುತ್ತಿದ್ದ. ಚಹಾಕ್ಕೆ ಹಾಲಿನ ಬದಲು ನಿಂಬೆಹಣ್ಣು ಹಿಂಡುವುದೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಶನಿವಾರ ಯೆಹೂದ್ಯರ ವಿಶ್ರಾಂತಿಯ ದಿನವೆಂದು ಅಂಗಡಿ ತೆರೆಯುತ್ತಿರಲಿಲ್ಲ, ಯಾರು ಬಂದು ಕರೆದರೂ ಅಷ್ಟೇ.

ಎಲೀಷನ ಹೆಸರು ಕೇಳಿ ಅಜ್ಜ ನಕ್ಕನಂತೆ. "ನಿಮ್ಮ ಆಶ್ರಮದಾಗ ಮತ್ತ ಯಾರ್ಯಾರದಾರ?"

"ಸಮುವೇಲ, ದಾನಿಯೇಲ, ಯೋನ."

"ಎಲ್ಲಾ ನಮ್ಮ ಯೆಹೂದ್ಯರ ಮನೀ ಹೆಸರಽ. ಕುಂದರು ತಮ್ಮಾ, ಚಹಾ ಕುಡಿ."

ಮಷಿನ್ ಒಂದೇ ದಿನದಲ್ಲಿ ಸರಿಹೋಯಿತು. ಎಲೀಷ ಹೋಗುವುದು ನಿಲ್ಲಲಿಲ್ಲ. ವಾರಕ್ಕೆ ಎರಡು ಸಲ ಹೋಗುತ್ತಿದ್ದ, ಎಣ್ಣೆ ಬಿಡುತ್ತಿದ್ದ, ಸೂಜಿ ವಿಂಗಡಿಸುತ್ತಿದ್ದ. ಬಂದ ಮೇಲೆ ಅಯ್ಯನವರದು ಒಂದೇ ಪ್ರಶ್ನೆ.

"ಇವತ್ತ ಅಜ್ಜ ಏನಂದ?"

"ನಾ ಇವತ್ತ ಪಾಪಕ್ಷಮೆ ಬಗ್ಗೆ ಹೇಳಿದ್ನಿರಿ."

"ನೀ ಹೇಳೂದು ನನಗ ಗೊತ್ತೈತಿ. ಅಜ್ಜ ಏನಂದ?"

ಎಲೀಷ ತಲೆ ಕೆರೆದುಕೊಳ್ಳುತ್ತಿದ್ದ. ಹೀಗೆ ಆರು ತಿಂಗಳು ಹೋದವು.

ಆಮೇಲೊಂದು ದಿನ ಎಲೀಷ ಹೋದಾಗ ಅಜ್ಜ ಕೆಲಸ ಮಾಡುತ್ತಿರಲಿಲ್ಲವಂತೆ. ಒಂದು ಹಳೆಯ ಕಾಗದ ಕೈಯಲ್ಲಿ ಹಿಡಿದು ಕೂತಿದ್ದ. ಅದು ಅವನ ತಾಯಿ ಬರೆದ ಕೊನೆಯ ಕಾಗದ. ಅಜ್ಜ ಹಡಗು ಹತ್ತಿದ, ತಾಯಿ ಊರಲ್ಲೇ ಉಳಿದಳು. ಯೆಹೂದ್ಯರನ್ನು ಹುಡುಕಿ ಹುಡುಕಿ ಕೊಂದ ಆ ಲಡಾಯಿ ಮುಗಿಯುವ ಹೊತ್ತಿಗೆ ಆ ಬೀದಿಯಲ್ಲಿ ಅವರ ಜನ ಒಬ್ಬರೂ ಬದುಕಿರಲಿಲ್ಲ. ತಾಯಿ ಸತ್ತ ದಿನ ಯಾವುದೆಂದು ಹೇಳಲು ಕೂಡ ಯಾರೂ ಇರಲಿಲ್ಲ. ಅದಕ್ಕೆ ಕಾಗದದ ಮೇಲಿನ ತಾರೀಖನ್ನೇ ಅವಳ ದಿನವೆಂದು ಇಟ್ಟುಕೊಂಡಿದ್ದ.

"ಆ ದಿನ ಮಗ ಒಂದು ಪ್ರಾರ್ಥನೆ ಹೇಳಬೇಕು. ಕದ್ದೀಶ್ ಅಂತಾರ," ಅಂದ ಅಜ್ಜ. "ಆದರ ಒಬ್ಬಾಂವ ನಿಂತು ಹೇಳಾಕ ಬರೂದಿಲ್ಲ. ಹತ್ತು ಮಂದಿ ಯೆಹೂದ್ಯ ಗಂಡಸರು ಕೂಡಬೇಕು. ಮೊದಲ ಮುಂಬೈಗೆ ಹೋಗಿ ಹೇಳಿ ಬರ್ತಿದ್ದೆ. ಈಗ ಕಾಲು ಹೋದವು. ಎದೀನೂ ನಂಬೋ ಹಂಗಿಲ್ಲ ಅಂತಾನ ಡಾಕ್ಟರ್. ಈ ವರ್ಷ ಹೇಳಲಿಲ್ಲ ಅಂದ್ರ ಮುಂದ ಆಕಿ ಸಲುವಾಗಿ ಹೇಳಾವ್ರು ಭೂಮಿ ಮ್ಯಾಲ ಯಾರೂ ಇಲ್ಲ."

ಎಲೀಷ ಒಳ್ಳೆಯವನು, ನನಗೆ ಗೊತ್ತು. ಆದರೆ ಅವತ್ತು ಅವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

"ಅಜ್ಜಾರ, ನಾವು ಆಶ್ರಮದಾಗ ಒಂಬತ್ತು ಮಂದಿ ಅದೀವಿ," ಅಂದ. "ನಾವು ಬರ್ತೀವಿ. ನೀವೂ ಒಂದು ಭಾನುವಾರ ನಮ್ಮ ಆರಾಧನೆಗೆ ಬರ್ರಿ. ಒಂದಽ ಭಾನುವಾರ."

ಅಜ್ಜ ಕಾಗದ ಮಡಚಿ ಒಳಗಿಟ್ಟ.

"ನಮ್ಮ ತಾಯಿ ಹೆಸರಿನ ಮ್ಯಾಲ ವ್ಯಾಪಾರ ಮಾಡ್ತೀ ಏನು?" ಅಂದ. "ನಿಮ್ಮ ಯೇಸು ನಮ್ಮವ, ತಮ್ಮಾ. ಯೆಹೂದ್ಯನಾಗಿ ಹುಟ್ಟಿದಾಂವ, ನಮ್ಮ ಮನೀ ಹುಡುಗ. ಯುರೋಪಿನ ನಮ್ಮೂರಾಗ ಕ್ರೈಸ್ತರು ಅವನ ಹೆಸರು ಹೇಳ್ಕೊಂತ ನಮ್ಮ ಕಿಡಕಿಗೆ ಕಲ್ಲು ಒಗೀತಿದ್ರು. ಆ ಕಲ್ಲು ಬಿದ್ದಾಗೆಲ್ಲಾ ನಮ್ಮವ್ವ ನನ್ನ ತಲೀ ತನ್ನ ಶಾಲಿನಾಗ ಮುಚ್ಕೊತಿದ್ಲು. ನಡಿ ಇನ್ನ."

ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಹಾಕಿಕೊಂಡ. ಆಗಿನ್ನೂ ಮಧ್ಯಾಹ್ನ.

ಎಲೀಷ ಆಶ್ರಮಕ್ಕೆ ಬಂದು ಎಲ್ಲ ಹೇಳಿದ. ನಾನು ಅಲ್ಲೇ ಹಿಟ್ಟು ಸಾಣಿಸುತ್ತಿದ್ದೆ. ಅಯ್ಯನವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅವರ ತಾಯಿ ಹೆಸರೇನು?" ಅಂತ ಕೇಳಿದರು.

ಎಲೀಷನಿಗೆ ಗೊತ್ತಿರಲಿಲ್ಲ.

"ಕೇಳ್ಕೊಂಡು ಬಾ."

"ಬಾಗಲಾ ತೆರಿಯಂಗಿಲ್ರಿ ಅವರು."

"ಹೊರಗ ಕಟ್ಟಿ ಐತೆಲ್ಲ, ಕುಂದರು."

ಎಲೀಷ ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕೂತ. ಒಂದು ದಿನ ಆಯಿತು. ಎರಡನೇ ದಿನ ಅಜ್ಜ ಅಂಗಡಿ ತೆರೆದು ಗಿರಾಕಿಗಳ ಜೊತೆ ಮಾತಾಡಿದ, ಇವನ ಕಡೆ ತಿರುಗಿಯೂ ನೋಡಲಿಲ್ಲ. ಆ ಎರಡು ದಿನ ನಾನು ಕಟ್ಟಿಕೊಟ್ಟ ಬುತ್ತಿ ಹಾಗೇ ಮರಳಿ ಬಂತು. ಬಿಚ್ಚಿ ರೊಟ್ಟಿಯನ್ನು ಆಕಳಿಗೆ ಹಾಕಿದೆ.

ಮೂರನೇ ದಿನ ಅಜ್ಜನೇ ಬಂದು ಮುಂದೆ ನಿಂತ.

"ಏನು ಬೇಕಾಗೇತಿ ನಿನಗ?"

"ನಿಮ್ಮ ತಾಯಿ ಹೆಸರು, ಅಜ್ಜಾರ."

ಅಜ್ಜ ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕೂತ.

"ಗಿಟೆಲ್," ಅಂದ. "ಮೂವತ್ತೈದು ವರ್ಷದಾಗ ಈ ಊರಾಗ ಇದನ್ನ ಯಾರೂ ಕೇಳಿದ್ದಿಲ್ಲ."

ಆಮೇಲೆ ಒಳಗೆ ಹೋಗಿ ಎರಡು ಲೋಟ ಚಹಾ ತಂದ. ಬದಲಿಗೆ ಆರಾಧನೆಗೆ ಬನ್ನಿ ಎಂದು ಕೇಳಿದ್ದು ತಪ್ಪೆಂದು ಎಲೀಷ ಒಪ್ಪಿಕೊಂಡು ಅತ್ತನಂತೆ. ಅಜ್ಜ ಅವನ ಬೆನ್ನು ಸವರಿ, ಚಹಾ ಆರುತ್ತದೆ ಕುಡಿ ಎಂದನಂತೆ.

ಅವತ್ತು ಬಂದ ಎಲೀಷನಿಗೆ ಅಯ್ಯನವರು ಮಾಮೂಲಿನ ಪ್ರಶ್ನೆ ಕೇಳಿದರು.

"ಅಜ್ಜ ಏನಂದ?"

ಈ ಸಲ ಎಲೀಷ ಒಂದು ತಾಸು ಹೇಳಿದ. ಅಜ್ಜನ ತಾಯಿ ಗಸಗಸೆ ಹಾಕಿ ರೊಟ್ಟಿ ಮಾಡುತ್ತಿದ್ದಳು. ಅವಳ ಎಡಗಾಲು ಕುಂಟು. ಹಾಡುವಾಗ ಕಣ್ಣು ಮುಚ್ಚುತ್ತಿದ್ದಳು. ಅವಳ ದಿನ ಬರುವ ಗುರುವಾರ.

"ಗುರುವಾರ ಎಲ್ಲಾರೂ ಹೋಗೂಣು," ಅಂದರು ಅಯ್ಯನವರು. ನನ್ನ ಕಡೆ ತಿರುಗಿ, "ನೀನೂ ಬಾ ಯೋನಾ. ಅವತ್ತ ಒಲಿ ತಣ್ಣಗಿದ್ರೂ ನಡೀತದ," ಅಂದರು.

ಎಲೀಷನಿಗೆ ಇನ್ನೂ ಒಂದು ಅಳುಕು. "ಅಯ್ಯನವರ, ಅವರ ಅಂಗಳದಾಗ ಯೇಸುವಿನ ಹೆಸರು ಎತ್ತೂದಾ, ಬ್ಯಾಡಾ?"

"ಹೆಸರು ಬ್ಯಾಡ. ಅವನನ್ನಽ ಕರ್ಕೊಂಡು ಬಾ."

ಎಲೀಷ ನನ್ನ ಮುಖ ನೋಡಿದ. ನಾನು ಒಲೆಯ ಕಡೆ ತಿರುಗಿದೆ.

ಗುರುವಾರ ಸೂರ್ಯ ಇಳಿಯುವ ಮುಂಚೆ ಒಂಬತ್ತೂ ಮಂದಿ ಅಜ್ಜನ ಹಿತ್ತಲ ಅಂಗಳದಲ್ಲಿ ನಿಂತೆವು. ತಗಡಿನ ಮೇಲೆ ಒಂದು ಎಣ್ಣೆ ದೀಪ ಉರಿಯುತ್ತಿತ್ತು. ಅಜ್ಜ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಹತ್ತು ಮಂದಿಯ ನೇಮದ ಲೆಕ್ಕಕ್ಕ ನೀವು ಬರೂದಿಲ್ಲ," ಅಂದ.

"ಗೊತ್ತೈತ್ರಿ," ಅಂದರು ಅಯ್ಯನವರು. "ನಿಂದ್ರತೀವಿ, ಅಷ್ಟಽ."

ಪ್ರಾರ್ಥನೆ ಅಂದ ಕೂಡಲೇ ನಾವೆಲ್ಲ ರೂಢಿಯಂತೆ ತಲೆಯ ರುಮಾಲು, ಟೊಪ್ಪಿಗೆ ತೆಗೆದೆವು. ನಮ್ಮಲ್ಲಿ ಗಂಡಸರು ತಲೆ ಮುಚ್ಚಿಕೊಂಡು ದೇವರ ಮುಂದೆ ನಿಲ್ಲುವುದಿಲ್ಲ. ಅಜ್ಜನ ಮುಖ ಕಳೆಗುಂದಿತು.

"ನಮ್ಮಲ್ಲಿ ತಲೀ ಮುಚ್ಕೋಬೇಕು," ಅಂದ ಮೆಲ್ಲಗೆ. "ಆಗಲಿ ಬಿಡ್ರಿ. ನಿಮಗ ಅದು ತಪ್ಪಾಗತೈತಿ."

ಯಾರೂ ಅಲುಗಾಡಲಿಲ್ಲ. ಎಲೀಷ ಅಯ್ಯನವರ ಕಡೆ ನೋಡಿದ.

ಅಯ್ಯನವರು ಹೆಗಲ ಮೇಲಿನ ಟವೆಲ್ ತೆಗೆದರು. ಐವತ್ತು ವರ್ಷ ಬರಿದಲೆಯಲ್ಲೇ ಪ್ರಾರ್ಥಿಸಿದ ಮನುಷ್ಯ, ಅದನ್ನು ತಲೆಗೆ ಸುತ್ತಿಕೊಂಡು ಗಂಟು ಹಾಕಿದರು. ಹಸಿರು ಅಂಚಿನ ಟವೆಲ್, ಒಂದು ಕಡೆ ಹರಿದಿತ್ತು.

ಎರಡನೆಯವನಾಗಿ ತಲೆಗೆ ಸುತ್ತಿಕೊಂಡವನು ಎಲೀಷ. ಆಮೇಲೆ ಎಲ್ಲರೂ ಸುತ್ತಿಕೊಂಡೆವು.

"ನಾವೇನು ಅನ್ನಬೇಕ್ರಿ?" ಎಂದು ಅಯ್ಯನವರು ಕೇಳಿದರು.

"ನಾ ಬೆರಳೆತ್ತಿದಾಗ ಆಮೆನ್ ಅನ್ರಿ. ಬರತೈತೆಲ್ಲ?"

"ಅದನ್ನ ನಿಮ್ಮ ಯೆಹೂದ್ಯರಿಂದನ ಕಲ್ತೀವ್ರಿ."

ಅಜ್ಜ ಪಡುವಲಕ್ಕೆ ಮುಖ ಮಾಡಿ ನಿಂತ. ಮೊದಲ ಶಬ್ದಕ್ಕೇ ಧ್ವನಿ ಒಡೆಯಿತು. ಎಲೀಷ ಹೋಗಿ ಪಕ್ಕದಲ್ಲಿ ನಿಂತು ತೋಳು ಹಿಡಿದ. ಅಜ್ಜ ಮತ್ತೆ ಶುರು ಮಾಡಿದ. ನಮಗೆ ಒಂದು ಮಾತೂ ತಿಳಿಯಲಿಲ್ಲ. ಬೆರಳು ಎದ್ದಾಗ ಆಮೆನ್ ಅಂದೆವು. ಎರಡನೇ ಸಲ ಇನ್ನೂ ಗಟ್ಟಿಯಾಗಿ ಅಂದೆವು. ಬಾಯಿಗೆ ರೂಢಿಯಾದ 'ಯೇಸುವಿನ ಹೆಸರಿನಲ್ಲಿ' ಎಂಬ ಮಾತನ್ನು ತಡೆದು ನುಂಗಿಕೊಳ್ಳುವುದು ನನಗಂತೂ ಸುಲಭವಾಗಲಿಲ್ಲ.

ಮುಗಿದ ಮೇಲೆ ಅಜ್ಜ ತಾಯಿಯ ಹೆಸರು ಹೇಳಿದ. ಅವನು ಕೇಳಿಕೊಂಡಿರಲಿಲ್ಲ, ಆದರೂ ಎಲೀಷನೂ ಹೇಳಿದ: "ಗಿಟೆಲ್." ಅಜ್ಜ ಅವನ ಹೆಗಲಿಗೆ ಹಣೆ ಹಚ್ಚಿ ಅತ್ತ.

ಕಣ್ಣು ಒರೆಸಿಕೊಂಡು ಕೇಳಿದ, "ಯಾಕ ಬಂದ್ರೋ ತಮ್ಮಾ ನೀವು?"

ಆರು ತಿಂಗಳಿಂದ ಎಲೀಷ ಕಾದಿದ್ದ ಪ್ರಶ್ನೆ ಅದು. ಅವನ ಹತ್ತಿರ ಮೂರು ತಾಸಿನ ಉತ್ತರ ಇತ್ತು.

"ನೀವು ಒಬ್ರಽ ಇದ್ರಿ, ಅದಕ್ಕ," ಅಂದ.

ಅಜ್ಜ ತಲೆಯಾಡಿಸಿದ. ನಾವು ಹೊರಡುವಾಗ ಬಾಗಿಲ ತನಕ ಬಂದು, "ಮಂಗಳವಾರ ಬರೂ ಮುಂದ ನಿನ್ನ ಆ ಸುವಾರ್ತೆ ಪುಸ್ತಕ ತಗೊಂಡ್ ಬಾ," ಅಂದ. "ನಮ್ಮ ಹುಡುಗ ಏನೇನು ಹೇಳ್ಯಾನ, ಓದಿ ಹೇಳು. ಒಪ್ಪತೀನಿ ಅಂತಲ್ಲ. ಕೇಳ್ತೀನಿ."

ಹೊಳೆಯ ದಾರಿ ಹಿಡಿದೆವು. ಎಲೀಷ ಸಂತೋಷದಲ್ಲಿ ಹಾರಾಡುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ತಗ್ಗಿಸಿ ನಡೆಯುತ್ತಿದ್ದ.

"ಅಯ್ಯನವರ," ಅಂದ ಕೊನೆಗೆ. "ಆ ಪ್ರಾರ್ಥನೆ ಮುಟ್ಟತೈತೇನ್ರಿ? ಹತ್ತು ಮಂದಿ ಯೆಹೂದ್ಯರು ಬೇಕಿತ್ತು. ಅಂಗಳದಾಗಿದ್ದ ಯೆಹೂದ್ಯ ಒಬ್ಬನಽ."

ಅಯ್ಯನವರು ತಲೆಯ ಟವೆಲ್ ಇನ್ನೂ ಬಿಚ್ಚಿರಲಿಲ್ಲ.

"ನಿನಗ ಯಾರನ್ನ ಕರ್ಕೊಂಡು ಬಾ ಅಂದಿದ್ದೆ?"

"ಯೇಸುವನ್ನ."

"ಬಂದಿದ್ನಾ?"

ಎಲೀಷ ನಡೆಯುವುದನ್ನು ನಿಲ್ಲಿಸಿದ. ಅಜ್ಜನ ತೋಳು ಹಿಡಿದಿದ್ದ ತನ್ನ ಕೈಯನ್ನು ನೋಡಿಕೊಂಡ.

"ಬಂದಿದ್ದ್ರಿ," ಅಂದ.

"ಹಂಗಾದ್ರ ಸರಿಯಾಗಿ ಎಣಸು, ತಮ್ಮಾ. ಯೆಹೂದ್ಯರು ಇಬ್ಬರಿದ್ರು."