ಹಾರ್ಮೋನಿಯಂನ ಗಾಂಧಾರ

ಒಂದು ಸ್ಟುಡಿಯೋದಲ್ಲಿ ನಾಲ್ಕೇ ಟ್ರ್ಯಾಕಿನ ಟೇಪ್ ರೆಕಾರ್ಡರ್ ಇತ್ತು; ಒಂದು ಟ್ರ್ಯಾಕಿನಲ್ಲಿ ಒಂದೇ ವಾದ್ಯಕ್ಕೆ ಜಾಗ. ಹೊಸ ಹಾಡು ಬಂದಾಗ ಮೊದಲ ಟ್ರ್ಯಾಕಿನಲ್ಲಿ ನುಡಿದು ಮಿಕ್ಕವರಿಗೆ ದಾರಿ ಹಾಕಿಕೊಡುವುದು ಮುದಿ ಹಾರ್ಮೋನಿಯಂನ ಕೆಲಸ.

"ನನ್ನ ಗಾಂಧಾರ ಸ್ವರ ಶ್ರುತಿ ತಪ್ಪಿ ಕೂದಲೆಳೆಯಷ್ಟು ಏರಿದೆ. ರಿಪೇರಿಗೆ ಒಂದು ದಿನ ಕೊಡಿ," ಎಂದಿತು ಅದು.

"ಜನ ಕೇಳುವುದು ನಮ್ಮನ್ನು. ನೀನು ಸುಮ್ಮನೆ ಶುರು ಮಾಡು," ಎಂದಿತು ಪಿಟೀಲು.

ಹಾರ್ಮೋನಿಯಂ ನುಡಿಯಿತು. ಅದನ್ನು ಕೇಳಿಕೊಂಡೇ ಪಿಟೀಲು, ಕೊಳಲು, ಸಾರಂಗಿ ಒಂದೊಂದು ಟ್ರ್ಯಾಕಿನಲ್ಲಿ ನುಡಿದವು. ಗಾಂಧಾರ ಬಂದಲ್ಲೆಲ್ಲ ಮೂರೂ ಅದರಂತೆಯೇ ಏರಿದವು. ಅಷ್ಟರಲ್ಲಿ ಸಿತಾರ್ ಬಂತು.

"ಜಾಗವಿಲ್ಲ. ಯಾರನ್ನಾದರೂ ಅಳಿಸಬೇಕು," ಎಂದಿತು ಟೇಪು.

ಮೂರೂ ಹಾರ್ಮೋನಿಯಂ ಕಡೆ ತಿರುಗಿದವು.

"ಈ ಹಾಡು ನಿಂತಿರುವುದೇ ನನ್ನ ಮೇಲೆ," ಎಂದಿತು ಅದು.

"ನಿಂತಾಯಿತಲ್ಲ, ಇನ್ನು ನೀನೇಕೆ?" ಎಂದಿತು ಕೊಳಲು.

ಹಾರ್ಮೋನಿಯಂ ನುಡಿದದ್ದು ಅಳಿಸಿಹೋಯಿತು, ಅದು ಮೂಲೆಯ ಪೆಟ್ಟಿಗೆ ಸೇರಿತು. ಆ ಟ್ರ್ಯಾಕಿನಲ್ಲಿ ಸಿತಾರ್ ಕೂತು, ಮಿಕ್ಕ ಮೂರನ್ನು ಕೇಳಿಕೊಂಡು ನುಡಿಯಿತು.

ಹಾಡು ಹೊರಬಂತು. "ಎಲ್ಲ ಚೆನ್ನಾಗಿದೆ, ಗಾಂಧಾರ ಮಾತ್ರ ಅಪಸ್ವರ," ಎಂದರು ಕೇಳಿದವರು.

"ನಮ್ಮದೇನೂ ತಪ್ಪಿಲ್ಲ," ಎಂದವು ನಾಲ್ಕೂ ಒಟ್ಟಿಗೆ. "ಹಾರ್ಮೋನಿಯಂ ಹಾಗೆ ನುಡಿದಿತ್ತು."

ಮೂಲೆಯ ಪೆಟ್ಟಿಗೆಯೊಳಗಿದ್ದ ಹಾರ್ಮೋನಿಯಂಗೆ ಆ ಮಾತು ಕೇಳಿಸಿತು. ಆ ಹಾಡಿಗೆ ತನ್ನ ಹೆಸರನ್ನು ಯಾರಾದರೂ ಸೇರಿಸಿದ್ದು ಅದೇ ಮೊದಲು.