ಬಾಗಿಲಿಲ್ಲದ ಹಾಡು

"ಗುರುಗಳೇ, ನಗಿಸುವವನು ಹೊಲಸು ಮಾತು ಆಡಬಾರದೆ?" ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಹಿಂದಿನ ದಿನ ಮಠದ ಶಿಷ್ಯರು ಸೇರಿ ಒಂದು ಸಣ್ಣ ನಾಟಕ ಆಡಿದ್ದರು. ಅದರ ಹಾಸ್ಯದ ಭಾಗ ಬರೆದವನು ಇವನೇ, ಸೀರೆ ಉಟ್ಟು ಆಡಿದವನೂ ಇವನೇ. ಮಠದ ಅಂಗಳ ಗುಡಿಸುವ ಬಾಳವ್ವನನ್ನು ಗಂಡ ಬಿಟ್ಟುಹೋಗಿ ಹನ್ನೆರಡು ವರ್ಷವಾಗಿತ್ತು. ಅವಳು ಬಗ್ಗಿ ಗುಡಿಸುವುದು ಹೇಗೆ, ಗಂಡ ಬಿಟ್ಟದ್ದು ಯಾಕೆ ಎಂಬುದನ್ನು ಇವನು ಪೊರಕೆ ಹಿಡಿದು, ಸೊಂಟ ತಿರುಗಿಸಿ ತೋರಿಸಿದ್ದ. ಊರ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬಾಳವ್ವ ಕಂಬದ ಪಕ್ಕ ಕೂತು ಕೊನೆಯವರೆಗೆ ನೋಡಿದ್ದಳು. ಇಬ್ಬರು ಹಿರಿಯ ಶಿಷ್ಯರು ಮಾತ್ರ ಎದ್ದು ಹೋಗಿದ್ದರು.

"ನನ್ನ ಹಾಸ್ಯ ಹೊಲಸು ಎನ್ನುತ್ತಾರೆ. ನಮ್ಮ ಗಾದೆಯಲ್ಲಿ ಹೊಲಸಿಲ್ಲವೆ? ಹೆಂಗಸರ ಹಾಡಿನಲ್ಲಿ ಇಲ್ಲವೆ? ಜನ ನಕ್ಕರೋ ಇಲ್ಲವೋ, ನೀವೇ ಹೇಳಿ."

"ಇದೆ. ನಕ್ಕರು. ಕೂತುಕೋ," ಎಂದು ಗುರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ಮದುವೆಯ ಹಂದರದಲ್ಲಿ ಬೀಗರನ್ನು ಬೈದು ಹಾಡುವುದರಲ್ಲಿ ಅವಳನ್ನು ಮೀರಿಸುವವರು ಸುತ್ತ ನಲವತ್ತು ಊರಲ್ಲಿ ಇರಲಿಲ್ಲ. ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರು ಎನ್ನುತ್ತಾರಲ್ಲ, ಅಂಥ ಬಾಯಿ. ಗಂಡ ಸತ್ತ ಮೇಲೆ ಆ ಬಾಯಿಯಿಂದಲೇ ತಾನೂ ಉಂಡು, ಒಬ್ಬಳೇ ಮಗಳನ್ನೂ ಸಾಕಿದಳು.

ಅವಳಿಗೆ ಹಾಡು ಕಲಿಸಿದವಳು ಒಬ್ಬ ಮುದುಕಿ. ಬೀಗರ ಹಾಡು ಯಾಕಿದೆ ಎಂದು ಆ ಮುದುಕಿಗೆ ಗೊತ್ತಿತ್ತು. ಹೆಣ್ಣಿನ ಕಡೆಯವರು ವರ್ಷವೆಲ್ಲ ಗಂಡಿನ ಕಡೆಯವರಿಗೆ ತಲೆ ಬಗ್ಗಿಸುವವರು. ಹಂದರದಲ್ಲಿ ಆ ಒಂದು ದಿನ ಅವರ ಬಾಯಿಗೆ ಬಿಡುವು. ಬೀಗತಿಯ ಸೊಂಟ, ಹೊಟ್ಟೆ, ಅವಳು ಉಂಡದ್ದು, ಉಂಡ ಮೇಲೆ ಬಿಟ್ಟದ್ದು, ಯಾವುದಕ್ಕೂ ನಾಚಿಕೆ ಇಲ್ಲ. ಆದರೆ ಮುದುಕಿ ಒಂದು ಮಾತು ಕಟ್ಟಿಕೊಟ್ಟಿದ್ದಳು. "ಬೈಗಳಕ್ಕ ಒಂದು ಬಾಗಿಲ ಇಡಬೇಕವ್ವ. ಕಡೀ ಸಾಲು ಪ್ರಶ್ನೆ ಮಾಡಿ ಬಿಡು. ಆಕಿ ಅಲ್ಲಿಂದ ಹಾದು ಬಂದು ನಿನ್ನ ಬೈಲಿ. ಬಾಗಿಲಿಲ್ಲದ ಮನಿ ಅಂದರ ಗೋರಿ."

ಹಾಡುಗಾರ್ತಿ ಹಾಗೆಯೇ ಕಟ್ಟಿದಳು. ಅವಳಿಗೆ ಮೊದಲು ಹೆಸರು ತಂದ ಹಾಡು ಇದು:

ಹದಿನೆಂಟು ಹೋಳಿಗಿ ಉಂಡಾಳ ಬೀಗತಿ
ಏಳಾಕ ಬರಲಾರ್ದ ಕುಂತಾಳ
ಹೂಸೊಂದ ಬಿಟ್ಟಾಳ ಹಂದರ ಹಾರೀತ
ಗಾಳೀಯೊ ಇದು ಏನ ಗುಡುಗೇನ?

ಆ ಬೀಗತಿ ಗೌಡರ ಮನೆಯವಳು. ಒಂದು ನಿಮಿಷ ಮುಖ ಕೆಂಪು ಮಾಡಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದು ನಿಂತಳು.

ಗುಡುಗಲ್ಲ ಗಾಳ್ಯಲ್ಲ ನಿಮ್ಮನಿ ಬ್ಯಾಳೀಯ
ಹುಳಕಿನ ಹೂರಣದ ಗುಣವವ್ವ!

ಹಂದರ ಬಿದ್ದುಹೋಗುವ ಹಾಗೆ ಜನ ನಕ್ಕರು. ಹೆಣ್ಣಿನ ತಾಯಿಯೂ ಬೀಗತಿಯೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹೊಲಸು ಎಂದರೆ ಹೊಲಸೇ ಆ ಹಾಡು. ಅಂದಿನಿಂದ ಆ ಎರಡು ಮನೆಗಳಲ್ಲಿ ಸೊಸೆಯ ಮೇಲೆ ಒಂದು ಮಾತು ಹೆಚ್ಚಾದರೂ, ಯಾರಾದರೊಬ್ಬರು ಹೋಳಿಗೆಯ ಲೆಕ್ಕ ತೆಗೆದು ನಗಿಸಿಬಿಡುತ್ತಿದ್ದರು.

ಹೆಸರು ಬೆಳೆದ ಮೇಲೆ ಅವಳನ್ನು ಕರೆಯುವವರು ಬೇರೆಯಾದರು. ಈಗ ಗಂಡಿನ ಕಡೆಯ ದೊಡ್ಡ ಮನೆಗಳು ಕರೆಯತೊಡಗಿದವು. ರೇಷ್ಮೆ ಸೀರೆ ಉಡಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಹೆಣ್ಣಿನ ಕಡೆಯವರನ್ನು ಬೈ ಎಂದರು. ಕೆಲಸ ಅದೇ, ಬಾಯಿ ಅದೇ. ತಾನು ಹೊಸ್ತಿಲ ಯಾವ ಕಡೆ ನಿಂತಿದ್ದೇನೆ ಎಂಬುದನ್ನು ಅವಳು ನೋಡಿಕೊಳ್ಳಲಿಲ್ಲ. ಸೀರೆಯ ಅಂಚು ನೋಡುತ್ತಿದ್ದಳು.

ಹೀಗೆ ಒಂದು ದೊಡ್ಡ ಮದುವೆ. ಹೆಣ್ಣಿನ ಕಡೆಯವರು ಬಡವರು. ಹಾಡುಗಾರ್ತಿ ಹೆಣ್ಣಿನ ತಾಯಿಯನ್ನು ಬೈದು ಹಾಡಿದಳು. ತಾಯಿ ಕೈಮುಗಿದು ನಿಂತಳು. ಸೋದರತ್ತೆಯನ್ನು ಬೈದಳು. ಸೋದರತ್ತೆ ನೆಲ ನೋಡಿದಳು. ಎದುರು ಬೈದರೆ ಎಲ್ಲಿ ಮದುವೆ ಮುರಿದೀತೋ ಎಂದು ಅವರಿಗೆ ಹೆದರಿಕೆ. ಉತ್ತರ ಬಾರದ ಹಾಡು ಹುಳಿ ಬಿದ್ದ ಹಾಲಿನ ಹಾಗೆ ಒಡೆಯಿತು. ಜನ ಆಕಳಿಸಿದರು. ಅವಳನ್ನು ಕರೆಸಿದ್ದ ಮನೆಯೊಡತಿ ಅವಳತ್ತ ಒಮ್ಮೆ ನೋಡಿದಳು.

ಆ ನೋಟಕ್ಕೆ ಹಾಡುಗಾರ್ತಿ ಹೆದರಿದಳು. ಹೆದರಿದ ಬಾಯಿ ಏನನ್ನು ಬೇಕಾದರೂ ಕಚ್ಚುತ್ತದೆ.

ಪಂಕ್ತಿಯಲ್ಲಿ ಒಬ್ಬಳು ಗೋಧಿ ಹುಗ್ಗಿ ನೀಡುತ್ತಿದ್ದಳು. ಮದುಮಗಳ ಅಕ್ಕ. ಮದುವೆಯಾದ ತಿಂಗಳಿಗೆ ಗಂಡ ತವರಿಗೆ ಅಟ್ಟಿದ್ದ ಎಂಬುದು ಹಾಡುಗಾರ್ತಿಗೆ ಬೆಳಿಗ್ಗೆ ಅಡಿಗೆ ಮನೆಯಲ್ಲಿ ಕಿವಿಗೆ ಬಿದ್ದಿತ್ತು. ಅವಳು ದನಿ ಎತ್ತಿದಳು:

ಹಾಸೀಗಿ ಹಾಸಿದ್ರು ಹೂವೆಲ್ಲ ಚೆಲ್ಲಿದ್ರು
ತಿಂಗಳಿಗೆ ಗಂಡ ಓಡಿದ್ನ
ತಣ್ಣನ ಒಲಿ ಮ್ಯಾಲ ಇಟ್ಟಂಥ ಹಾಲವ್ವ
ಕಾಯ್ಲಿಲ್ಲ ಉಕ್ಕಲಿಲ್ಲ ತವರೀಗೆ ಬಂತ!

ಎಂಜಲ ಕೈಯಲ್ಲೇ ಜನ ತೊಡೆ ತಟ್ಟಿಕೊಂಡು ನಕ್ಕರು. ಇನ್ನೊಮ್ಮೆ, ಇನ್ನೊಮ್ಮೆ ಎಂದರು. ಆ ಹೆಣ್ಣಿನ ಕೈಯಲ್ಲಿದ್ದ ಸೌಟು ಒಂದು ಕ್ಷಣ ನಿಂತಿತು. ಆಮೇಲೆ ಅವಳು ಮುಂದಿನ ಎಲೆಗೆ ನೀಡಿದಳು, ಅದರ ಮುಂದಿನ ಎಲೆಗೆ ನೀಡಿದಳು. ಹಾಡುಗಾರ್ತಿಯ ಎಲೆಯ ಮುಂದೆ ಬಗ್ಗಿ ಅಲ್ಲಿಯೂ ಒಂದು ಸೌಟು ಹುಗ್ಗಿ ನೀಡಿ, ಮೇಲೆ ತುಪ್ಪ ಬಿಟ್ಟು, ಮುಂದಕ್ಕೆ ಹೋದಳು.

ಹಾಡುಗಾರ್ತಿ ಹುಗ್ಗಿ ಉಂಡಳು. ಮೂರು ಸಲ ಹಾಡಿದಳು.

ಊರಿಗೆ ಬಂದು ಮುದುಕಿಯ ಮುಂದೆ ಬೀಗಿದಳು. "ಉತ್ತರಾನ ಇಲ್ಲದಂಥ ಹಾಡು ಕಟ್ಟೀನಿ, ಆಯಿ. ಒಬ್ಬರು ಸೈತ ಬಾಯಿ ಬಿಡಲಿಲ್ಲ." ಮುದುಕಿ ಹಾಡು ಕೇಳಿದಳು. ಕೇಳಿ, ಹಾಡುಗಾರ್ತಿ ಮಡಿಚಿ ಕೊಟ್ಟ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಗೆ ಹಿಂದಿರುಗಿಸಿದಳು. ಮುಪ್ಪಿಗೆ ಹೊಟ್ಟೆಕಿಚ್ಚು ಹೆಚ್ಚು ಎಂದುಕೊಂಡು ಹಾಡುಗಾರ್ತಿ ಮನೆಗೆ ಹೋಗಿ, ಅದೇ ಕತೆಯನ್ನು ಮಗಳಿಗೆ ಹೇಳಿದಳು. ವರ್ಷ ವರ್ಷ ಹೇಳಿದಳು. ಸೌಟು ನಿಂತದ್ದನ್ನು ಕೈ ಮಾಡಿ ತೋರಿಸುತ್ತಿದ್ದಳು.

ಒಳ್ಳೆಯ ಹಾಡಿಗೆ ಕಾಲು ಬೇಕು, ಕೆಟ್ಟ ಹಾಡಿಗೆ ರೆಕ್ಕೆಯೇ ಇರುತ್ತದೆ. ಆ ಹಾಡು ನಲವತ್ತು ಊರು ಸುತ್ತಿತು. ಕಳೆ ತೆಗೆಯುವಲ್ಲಿ, ಬಟ್ಟೆ ಒಗೆಯುವಲ್ಲಿ, ಹಂದರದಲ್ಲಿ ಅದೇ. ಹಾಡಿದವಳ ಹೆಸರು ಉದುರಿ ಹೋಯಿತು, ಹಾಡು ಉಳಿಯಿತು. ಗಂಡ ಬಿಟ್ಟ ಹೆಂಗಸರಿಗೆಲ್ಲ ಆ ಸೀಮೆಯಲ್ಲಿ ಒಂದು ಹೆಸರು ಬಂತು. ತಣ್ಣೊಲಿ. ಗಂಡನ ಮನೆಯವರು ಹೊಡೆದು ಹೊರಗೆ ಹಾಕಿದವಳೂ ತಣ್ಣೊಲಿ, ಗಂಡ ಬೇರೊಬ್ಬಳನ್ನು ಕಟ್ಟಿಕೊಂಡ ತಪ್ಪಿಗೆ ತಾನು ಹಿಂದಿರುಗಿದವಳೂ ತಣ್ಣೊಲಿ. ಬಿಟ್ಟು ಹೋದ ಗಂಡಸರಿಗೆ ಯಾರೂ ಯಾವ ಹೆಸರನ್ನೂ ಇಡಲಿಲ್ಲ.

ಹಾಡುಗಾರ್ತಿಯ ಮಗಳು ದೊಡ್ಡವಳಾದಳು. ಮದುವೆಯಾಯಿತು. ಮೂರು ತಿಂಗಳಿಗೆ ಗಂಡ ಬೇರೆ ಹೆಣ್ಣನ್ನು ತಂದುಕೊಂಡು ಇವಳನ್ನು ಗಾಡಿ ಹತ್ತಿಸಿದ. ಅಷ್ಟೇ. ಮಗಳು ಒಂದು ಗಂಟು ಹಿಡಿದು ತಾಯಿಯ ಬಾಗಿಲಿಗೆ ಬಂದಳು.

ತಾಯಿ ನಲವತ್ತು ಊರು ತಿರುಗಿದಳು. ಮೊದಲು ಹಾಡಲು ಹೋದ ಮನೆಗಳಿಗೇ ಈಗ ಹೋಗಿ, ನನ್ನ ಮಗಳಿಗೆ ಇನ್ನೊಂದು ಗಂಡು ನೋಡಿ ಎಂದು ಸೆರಗೊಡ್ಡಿದಳು. ಎದುರಿಗೆ ಹೂಂ ಅಂದವರು ಅವಳು ಅಂಗಳ ದಾಟುವ ಮೊದಲೇ ಒಳಗೆ ಆ ಮೂರಕ್ಷರದ ಮಾತಾಡಿ ನಗುತ್ತಿದ್ದರು. ತಾನು ಕೊಟ್ಟ ಹೆಸರು ತನ್ನ ಮಗಳ ದಾರಿಗೆ ಅಡ್ಡ ಮಲಗಿತ್ತು. ಅದನ್ನು ಯಾರಿಗೆ ಹೇಳಿಯಾಳು? ಏಳು ವರ್ಷ ಮಗಳು ಬಾವಿಗೆ ಹೋಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಹೆಂಗಸರು ಹಾಡುತ್ತಿದ್ದರು.

ಎಂಟನೆಯ ವರ್ಷ ಒಂದು ಸಂಬಂಧ ಕೂಡಿಬಂತು. ದೂರದ ಊರಿನವನು, ಹೆಂಡತಿ ಸತ್ತವನು, ಒಳ್ಳೆಯವನು. ಉಡಿಕೆಯ ಮದುವೆ, ಎಂದರೆ ಎರಡನೆಯ ಮದುವೆ. ಆದರೂ ಅವನು ಹಂದರ ಹಾಕಿಸಿದ, ನಾಲ್ಕು ಜನರ ಮುಂದೆ ಆಗಲಿ ಎಂದ. ಏಳು ವರ್ಷದ ಮೇಲೆ ಮಗಳು ಹೂ ಮುಡಿದಳು. ಇದು ತಪ್ಪಿದರೆ ಇನ್ನಿಲ್ಲ ಎಂದು ತಾಯಿಗೂ ಗೊತ್ತು, ಮಗಳಿಗೂ ಗೊತ್ತು.

ಊಟಕ್ಕೆ ಎಲೆ ಹಾಕಿದಾಗ ಗಂಡಿನ ಕಡೆಯ ಹೆಂಗಸರು ಹಾಡಲು ಕೂತರು. ಅವರು ಕೆಟ್ಟವರಲ್ಲ. ಬೀಗರ ಹಾಡು ಹಾಡಬೇಕಲ್ಲ, ಎಲ್ಲಕ್ಕಿಂತ ನಗು ಬರುವುದು ಯಾವುದು ಎಂದು ಒಬ್ಬಳು ನೆನೆದಳು. ನೆನಪಿಗೆ ಬಂದದ್ದು ಅದೇ. ಹಾಸೀಗಿ ಹಾಸಿದ್ರು ಎಂದು ಅವಳು ಎತ್ತಿದಳು. ಎರಡನೆಯ ಸಾಲಿಗೆ ಉಳಿದವರು ಕೂಡಿಕೊಂಡರು. ಯಾರ ಎದುರಿಗೆ ಹಾಡುತ್ತಿದ್ದೇವೆ ಎಂದು ಹೊಳೆಯುವ ಹೊತ್ತಿಗೆ ನಾಲ್ಕು ಸಾಲೂ ಮುಗಿದಿತ್ತು, ಹಂದರ ನಗುತ್ತಿತ್ತು. ವರನೂ ನಕ್ಕ. ಎಲ್ಲರೂ ನಕ್ಕರೆಂದು ಅವನೂ ನಕ್ಕ.

ಮಗಳು ತಾಯಿಯ ಕಡೆ ನೋಡಿದಳು. ಹಂದರವೆಲ್ಲ ಅತ್ತ ತಿರುಗಿತು. ಹಳೆಯ ಹಾಡುಗಾರ್ತಿ, ಈಗ ಇವರ ಬೆವರಿಳಿಸುತ್ತಾಳೆ ಎಂದು ಜನ ಕಾದರು.

ಹಾಡುಗಾರ್ತಿ ಆ ನಾಲ್ಕು ಸಾಲಿನ ಸುತ್ತ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಹಾಸಿಗೆಯ ಕಡೆಯಿಂದ ದಾರಿಯಿಲ್ಲ, ಒಲೆಯ ಕಡೆಯಿಂದ ದಾರಿಯಿಲ್ಲ, ತವರಿನ ಕಡೆಯಿಂದಲೂ ಇಲ್ಲ. ಒಂದೊಂದು ಗೋಡೆಯನ್ನೂ ತಾನೇ ಎಬ್ಬಿಸಿ, ಬಿರುಕಿಲ್ಲದ ಹಾಗೆ ತಾನೇ ಸಾರಿಸಿದ್ದಳು. ಮಗಳು ಒಳಗಿದ್ದಳು. ತಾಯಿ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಮತ್ತೆ ತೆರೆದಳು. ಇದೂ ಅವಳ ಒಂದು ಹೊಸ ಆಟ ಎಂದುಕೊಂಡು ಜನ ಇನ್ನೂ ಜೋರಾಗಿ ನಕ್ಕರು.

ಮದುವೆ ಮುರಿಯಲಿಲ್ಲ. ಮದುವೆಗಳು ಅಷ್ಟಕ್ಕೆಲ್ಲ ಮುರಿಯುವುದಿಲ್ಲ. ಮುರಿಯುವುದು ಬೇರೆ.

ಹೊರಡುವ ಹೊತ್ತಿಗೆ ತಾಯಿ ಮಗಳಿಗೆ ಉಡಿ ತುಂಬಿದಳು. ಮಗಳು ತಲೆ ಎತ್ತದೆ ಕೇಳಿದಳು. "ಯವ್ವಾ, ಅವತ್ತ ಆ ಅಕ್ಕ ಏನ್ ಉತ್ತರ ಕೊಟ್ಟಿದ್ಲು?"

ತಾಯಿಯ ಕೈಯಲ್ಲಿ ಅಕ್ಕಿ ನಿಂತಿತು.

"ಹುಗ್ಗಿ ನೀಡಿದ್ಲು," ಎಂದಳು.

ಮಗಳು ಗಾಡಿ ಹತ್ತಿದಳು. ಆಮೇಲೆ ತವರಿಗೆ ಬರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಹೊತ್ತು ಉಗುರಿನಿಂದ ಚಾಪೆ ಕೆರೆದ. ತಪ್ಪಿಸಿಕೊಳ್ಳಲು ಒಂದು ಸಂದು ಸಿಕ್ಕವನ ಹಾಗೆ ತಲೆ ಎತ್ತಿದ.

"ಆದರೆ ಬಾಳವ್ವ ನನಗೆ ಏನೂ ಅನ್ನಲಿಲ್ಲವಲ್ಲ, ಗುರುಗಳೇ."

ಗುರು ಬಾಗಿಲ ಹೊರಗೆ ನೋಡಿ ಹೇಳಿದರು: "ಅಂಗಳ ಗುಡಿಸಿದ್ದಾಳೆ."